ಶನಿವಾರದ ಕರ್ಪೂರ

ಈರಪ್ಪ ಕಾಕಾ, ಆ ಶನಿವಾರ ನಿಮ್ಮ ಜಿಮ್ಮಿನ ಬಾಗಿಲಲ್ಲಿ ನೀವು ನನ್ನ ಮೂಗಿಗೆ ಹಿಡಿದ ಡಬ್ಬಿಯಿಂದ ನನಗೆ ಯಾವ ವಾಸನೆಯೂ ಬರಲಿಲ್ಲ. ಆದರೂ "ಕರ್ಪೂರರಿ" ಎಂದೆ. ನೀವು ನಂಬಿ ಒಳಗೆ ಬಿಟ್ಟಿರಿ. ನಿಮಗೆ ಕೊರೋನಾ ತಂದವರು ಕುಂದಗೋಳದ ನಿಮ್ಮ ಗೆಳೆಯ ಗುರುಪಾದಪ್ಪನವರಲ್ಲ — ನಾನು. ಇಷ್ಟು ವರ್ಷ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಹೇಳಹೋದರೆ ಎಲ್ಲಿ ಜಾರಿಕೊಂಡುಬಿಡುತ್ತೇನೋ ಎಂಬ ಭಯ, ಜಾರಿಕೊಳ್ಳುವುದು ನನಗೆ ಚೆನ್ನಾಗಿಯೇ ರೂಢಿಯಾಗಿದೆ.

ನವಲಗುಂದದಲ್ಲಿ ಹೆಂಗಸರಿಗೆ ಜಿಮ್ಮು ಯಾಕೆ ಎಂದು ಓಣಿಯವರೆಲ್ಲ ನಗುತ್ತಿದ್ದಾಗ, ಕುಸ್ತಿ ಹಿಡಿದು ಕಿವಿ ಮುರುಟಿಸಿಕೊಂಡ ನೀವು "ಸಂಜೆ ಐದರಿಂದ ಆರು, ಹೆಣ್ಣುಮಕ್ಕಳ ಪಾಳಿ" ಎಂದು ಬೋರ್ಡು ಬರೆಸಿದಿರಿ. ಹುಡುಗರು ಇಣುಕಿದರೆ "ಏನ್ ನೋಡ್ತೀರಲೇ, ನಿಮ್ಮ ಅವ್ವಗೋಳು ಬಂದಾರ, ನಡೀರಿ" ಎಂದು ಗದರುತ್ತಿದ್ದಿರಿ. ಅಂಗನವಾಡಿಯ ಕಾಳಿನ ಚೀಲ ಎತ್ತಿ ಎತ್ತಿ ಸೊಂಟ ಹಿಡಿದುಹೋಗಿದ್ದ ನಾನು ಡಾಕ್ಟರು ಹೇಳಿದರೆಂದು ಬಂದವಳು. ನಾಲ್ಕೇ ತಿಂಗಳಿಗೆ ನೋವು ಹೋಯಿತು, ಆದರೆ ನಾನು ಬರುವುದು ಬಿಡಲಿಲ್ಲ. ಆ ಒಂದು ತಾಸಿನಲ್ಲಿ ನಾನು ಯಾರ ಸೊಸೆಯೂ ಅಲ್ಲ, ಟೀಚರೂ ಅಲ್ಲ. ನೀವು ಎಣಿಸುವಿರಿ, ನಾನು ಎತ್ತುವೆನು, ಅಷ್ಟೇ. ನನಗೆ ಅಷ್ಟು ಸುಖ ಬೇರೆಲ್ಲೂ ಸಿಕ್ಕಿರಲಿಲ್ಲ ಕಾಕಾ.

ಲಾಕ್‌ಡೌನ್ ಬಂದು ಎಲ್ಲ ಮುಚ್ಚಿತು. ತಿಂಗಳುಗಟ್ಟಲೆ ನಾನು ಬಚ್ಚಲಲ್ಲಿ ತುಂಬಿದ ಕೊಡಗಳನ್ನು ಎತ್ತಿ ಇಳಿಸಿ ಮಾಡುತ್ತಿದ್ದೆ. ಅತ್ತೆ ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಮತ್ತೆ ಜಿಮ್ಮು ತೆರೆಯಬಹುದು ಎಂದಾದಾಗ ನೀವು ಮಾಡಿದ ಕಾರುಬಾರು ನೆನೆದರೆ ಈಗಲೂ ನಗು ಬರುತ್ತದೆ. ಒಂದು ಪಾಳಿಗೆ ಆರೇ ಜನ. ಮಲಗಿ ಮಾಡುವ ವ್ಯಾಯಾಮಕ್ಕೆ ಅವರವರ ಮನೆಯ ಜಮಖಾನದ ತುಂಡು ಅವರೇ ತರಬೇಕು. ಒಬ್ಬರು ಮುಟ್ಟಿದ ಕಬ್ಬಿಣವನ್ನು ನಿಮ್ಮ ಮನೆಯವರು, ನಮ್ಮ ಕಾಕು, ಸ್ಯಾನಿಟೈಸರ್ ಹಾಕಿ ಎಷ್ಟು ತಿಕ್ಕುತ್ತಿದ್ದರೆಂದರೆ ಡಂಬೆಲ್ಲುಗಳ ಮೇಲಿನ ಅಂಕಿಗಳೇ ಅಳಿಸಿಹೋದವು. ಹಣೆಗೆ ಹಿಡಿಯುವ ಜ್ವರದ ಪಿಸ್ತೂಲನ್ನು ಕೊಂಡವರೂ ನೀವೇ, ಎರಡೇ ದಿನಕ್ಕೆ ಬೈದವರೂ ನೀವೇ.

"ಈ ಪಿಸ್ತೂಲ ಬಿಸಲಾಗ ಒಂದು ಹೇಳತೈತಿ, ನೆರಳಾಗ ಒಂದು ಹೇಳತೈತಿ. ಮೂಗು ಹಂಗಲ್ಲ, ಅಗದಿ ಖರೇ ಹೇಳತೈತಿ" ಎಂದು ನಾಲ್ಕು ಡಬ್ಬಿ ಮಾಡಿದಿರಿ — ಇಂಗು, ಲವಂಗ, ಚಹಾಪುಡಿ, ಕರ್ಪೂರ. ಬಾಗಿಲಲ್ಲಿ ಕಣ್ಣು ಮುಚ್ಚಿ ನಿಲ್ಲಬೇಕು, ನೀವು ಒಂದನ್ನು ಹಿಡಿಯುವಿರಿ, ನಾವು ಹೆಸರು ಹೇಳಬೇಕು. ಹೇಳಲಾಗದವರು ಹದಿನೈದು ದಿನ ಮನೆಯಲ್ಲಿ. ದಿನಕ್ಕೊಂದು ಬದಲಿಸುತ್ತಿದ್ದಿರಿ, ಯಾವುದೆಂದು ಯಾರಿಗೂ ಗೊತ್ತಾಗಬಾರದೆಂದು. ಆದರೆ ಶನಿವಾರ ಮಾತ್ರ ಮಾರುತಿ ಪಟಕ್ಕೆ ಆರತಿ ಮಾಡಿ ನೇರ ಬಾಗಿಲಿಗೆ ಬರುತ್ತಿದ್ದಿರಿ, ಕೈಯಲ್ಲಿ ಕರ್ಪೂರದ ಡಬ್ಬಿಯೇ ಇರುತ್ತಿತ್ತು. ಅದು ನಿಮಗೇ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಆ ಶನಿವಾರ ಮಧ್ಯಾಹ್ನ ಒಗ್ಗರಣೆ ಸೀದು ಕರಿಯಾಗಿ, ಮಗಳು ಹೊರಗಿನಿಂದ "ಯವ್ವಾ, ಏನ್ ಸುಡಾಕತ್ತೈತಿ?" ಎಂದು ಕೂಗಿಕೊಂಡು ಬಂದಳು. ನಾನು ಒಲೆಯ ಮುಂದೆಯೇ ನಿಂತಿದ್ದೆ. ಸಾಸಿವೆಯ ಡಬ್ಬಿಯ ಪಕ್ಕದ ಬೆಳ್ಳುಳ್ಳಿ ಜಜ್ಜಿ ಮೂಸಿದೆ — ಏನೂ ಇಲ್ಲ. ಇದು ಏನೆಂದು ಗೊತ್ತಾಗಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಅದೇ ವಾರ ಮನೆಮನೆ ಸರ್ವೆಗೆ ಹೋಗಿ "ವಾಸನಿ ಬರತೈತೇನ್ರಿ?" ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡವಳು ನಾನೇ. ಇಡೀ ಓಣಿಯಲ್ಲಿ ಇದರ ಅರ್ಥ ಎಲ್ಲರಿಗಿಂತ ಚೆನ್ನಾಗಿ ತಿಳಿದವಳು.

ಒಬ್ಬಾಕೆಗೆ ಬಂದರೂ ಹೆಂಗಸರ ಪಾಳಿ ಬಂದ್ ಎಂದು ನೀವು ಮೊದಲೇ ಹೇಳಿದ್ದಿರಿ. ಆ ಪಾಳಿ ಉಳಿಸಲು ಸುಳ್ಳು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಆ ದಿನ ನೀವು ಮೊದಲ ಸಲ ನನ್ನಿಂದ ಇಪ್ಪತ್ತು ಕಿಲೋದ ರಾಡು ಎತ್ತಿಸುತ್ತೇನೆ ಎಂದಿದ್ದಿರಿ. ನನಗೆ ಅದನ್ನು ಎತ್ತಬೇಕಾಗಿತ್ತು. ಅಷ್ಟಕ್ಕೇ —

ಬೆಂಚಿನ ಮೇಲೆ ನನ್ನ ಕೆಂಪು ಜಮಖಾನ ಹಾಸಿ ಮಲಗಿದೆ. ಉಸಿರು ಕಟ್ಟುತ್ತದೆಂದು ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡೆ. ರಾಡು ಜಾರಿದರೆ ಹಿಡಿಯಲೆಂದು ನೀವು ನನ್ನ ತಲೆಯ ಮೇಲೆ ಬಾಗಿ ನಿಂತಿದ್ದಿರಿ. ದೊಡ್ಡದಾಗಿ ಎಣಿಸಲಿಕ್ಕೆ ನಿಮ್ಮ ಮಾಸ್ಕೂ ಕೆಳಗಿತ್ತು. ಬಾಗಿಲಲ್ಲಿ ಪಾಸಾದವಳಲ್ಲವೇ ನಾನು, ನಿಮಗೇನು ಅನುಮಾನ?

"ಎತ್ತುವಾಗ ಉಸರ ಬಿಡಬೇಕ್ ಮಂಗಲಾ. ಬಿಡ, ಪೂರಾ ಉಸರ ಬಿಡ!"

ಬಿಟ್ಟೆ ಕಾಕಾ. ಹತ್ತು ಸಲ, ನಿಮ್ಮ ಮುಖಕ್ಕೇ. ಹತ್ತನೆಯದು ಮುಗಿದಾಗ ನೀವು "ಶಾಬಾಸ್ ನಮ್ಮವ್ವಾ!" ಎಂದು ಕಾಕುವನ್ನು ಕೂಗಿ ಕರೆದು ತೋರಿಸಿದಿರಿ.

ಮಾರನೆಯ ದಿನದಿಂದ ಅತ್ತೆಗೆ ಹುಷಾರಿಲ್ಲ ಎಂದು ಹೇಳಿ ಮನೆಯಲ್ಲಿ ಕುಳಿತೆ — ಅದು ಎರಡನೆಯ ಸುಳ್ಳು. ಟೆಸ್ಟು ಮಾಡಿಸಲಿಲ್ಲ. ಮೂಗೊಂದು ಬಿಟ್ಟರೆ ನನಗೆ ಏನೂ ಆಗಲಿಲ್ಲ. ಐದು ದಿನಕ್ಕೆ ನಿಮಗೆ ಜ್ವರ. ಆಮೇಲೆ ಹುಬ್ಬಳ್ಳಿಯ ಆಸ್ಪತ್ರೆ, ಆಕ್ಸಿಜನ್ನು. ಕಾಕು ಫೋನಿನಲ್ಲಿ ಅಳುವಾಗ ನಾನು ಸಮಾಧಾನ ಹೇಳಿದೆ. ಹೇಗೆ ಹೇಳಿದೆನೋ.

ನೀವು ಉಳಿದು ಬಂದಿರಿ. ಅಂಗಿಯೊಳಗೆ ಅರ್ಧ ಆಗಿದ್ದಿರಿ. ನಾವೆಲ್ಲ ನೋಡಲು ಬಂದಾಗ ನೀವು ಹೇಳಿದ ಮಾತು ಇದು: "ಗುರುಪಾದಪ್ಪಗ ಕೆಮ್ಮ ಇತ್ತವಾ. ಅವನ ಮನ್ಯಾಗ ಕುಂತು ಊಟಾ ಮಾಡಿ ಬಂದೆ. ಕೇಳಿದರ ಧೂಳಿನ ಕೆಮ್ಮ ಅಂದ. ಗೆಳೆಯಾ ಆಗಿ ನನಗ ಸುಳ್ಳ ಹೇಳಿದ." ಎಲ್ಲರೂ ಲೊಚಗುಟ್ಟಿದರು. ನಾನೂ ಲೊಚಗುಟ್ಟಿದೆ.

ಪ್ರತಿ ಎಳ್ಳಮಾವಾಸ್ಯೆಗೆ ನಿಮ್ಮ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಜೊತೆಗೆ ಉಂಡು, ಬದುವಿನ ಮೇಲೆ ಅವರು ಹಾರ್ಮೋನಿಯಂ ನುಡಿಸಿದರೆ ನೀವು ತೊಡೆ ತಟ್ಟುತ್ತ ತಾಳ ತಪ್ಪಿಸುತ್ತಿದ್ದ ಗೆಳೆತನ ಅಲ್ಲಿಗೆ ನಿಂತಿತು. ಅವರ ಹೆಸರೆತ್ತಿದರೆ ಎದ್ದುಹೋಗುತ್ತೀರಿ. ನಾನು ಮಾತ್ರ — ಯಾರಿಗೆ ಗೊತ್ತು, ಅವರಿಂದಲೇ ಬಂದಿದ್ದರೂ ಇರಬಹುದು ಎಂಬ ಆ ಒಂದು "ಇರಬಹುದು" ಹಿಡಿದುಕೊಂಡು ಬದುಕಿದೆ.

ಹೋದ ತಿಂಗಳು ಅದೂ ಹೋಯಿತು. ತರಬೇತಿಗೆಂದು ಕುಂದಗೋಳಕ್ಕೆ ಹೋದವಳು ಅವರ ಮನೆ ಕೇಳಿಕೊಂಡು ಹೋದೆ. ನಿಮ್ಮ ಜಿಮ್ಮಿನವಳು ಎಂದದ್ದೇ ತಡ, ಹಾರ್ಮೋನಿಯಂ ಪೆಟ್ಟಿಗೆಯಿಂದ ಮಡಚಿದ ಕಾಗದ ತೆಗೆದರು. ನೀವು ಬಂದುಹೋದ ಮೂರನೆಯ ದಿನ ಮಾಡಿಸಿದ ಟೆಸ್ಟಿನ ರಿಪೋರ್ಟು. ನೆಗೆಟಿವ್. "ತೋರಸಾಕ ನವಲಗುಂದಕ್ಕ ಬಂದಿದ್ನಿ. ಅವ ಬಾಗಲಾ ತೆಗೀಲಿಲ್ಲ. ಕಾಗದಾ ಒಗೀಲಿಕ್ಕೆ ಮನಸ ಬರಲಿಲ್ಲ ನೋಡವಾ" ಎಂದರು.

ಅಲ್ಲೇ ಅವರ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಕಾಗದವನ್ನು ಮತ್ತೆ ಮಡಚಿ ಪೆಟ್ಟಿಗೆಯಲ್ಲಿಟ್ಟು, "ನನಗ್ಯಾಕ ಹೇಳ್ತಿ? ಅವಗ ಹೇಳು" ಎಂದರು.

ಒಂದು ತಿಂಗಳು ತಡವಾಯಿತು. ಈಗಲೂ ನೀವು ಆರರವರೆಗೆ ಎಣಿಸಿ ಉಸಿರಿಗೆ ನಿಲ್ಲುತ್ತೀರಿ, ಏಳರಿಂದ ನಾವು ಹೆಂಗಸರು ಎಣಿಸುತ್ತೇವೆ. ಎಲ್ಲರಿಗಿಂತ ಜೋರಾಗಿ ನಾನು. "ಮಂಗಲಾಗ ನನ್ನ ಮ್ಯಾಲೆ ಭಾರೀ ಪ್ರೀತಿ" ಎಂದು ನೀವು ಎಲ್ಲರೆದುರು ಹೇಳುತ್ತೀರಿ. ಪ್ರೀತಿ ಇದೆ ಕಾಕಾ, ಅದು ಸುಳ್ಳಲ್ಲ. ಆದರೆ ಆ ಏಳು, ಎಂಟು, ಒಂಬತ್ತು ನಿಮ್ಮಿಂದ ನಾನು ಕಸಿದುಕೊಂಡವು.

ನಾಳೆ ಶನಿವಾರ. ಆರತಿ ಮುಗಿಸಿ ನೀವು ಹೊರಗೆ ಬಂದಾಗ ಈ ಕಾಗದವನ್ನು ಕೈಗೆ ಕೊಟ್ಟು, ಓದಿ ಮುಗಿಸುವವರೆಗೂ ಹೊಸ್ತಿಲಾಚೆ ನಿಂತಿರುತ್ತೇನೆ. ಜಮಖಾನ ತರುವುದಿಲ್ಲ, ಒಳಗೆ ಬರುವ ಹಕ್ಕು ನನಗೆ ಅಂದೇ ಇರಲಿಲ್ಲ. ನನ್ನನ್ನು ಬೈಯುವುದು ಆಮೇಲೆ ಇದ್ದೇ ಇದೆ. ಮೊದಲು ಗುರುಪಾದಪ್ಪನವರಿಗೆ ಒಂದು ಫೋನು ಮಾಡಿರಿ — ಅವರು ಸುಳ್ಳು ಹೇಳಿರಲಿಲ್ಲ.