ಹಾಲು ಹಿಂಡುವ ಪಂಪು ಮತ್ತು ಅಣ್ಣನ ಎದೆ

ಮಿರಜದ ಆಸ್ಪತ್ರೆಯಲ್ಲಿ ಅಣ್ಣನ ಎದೆ ಸೀಳಿ, ಹೃದಯದ ನಾಳಗಳನ್ನು ಸರಿಪಡಿಸಿ, ಎಲುಬನ್ನು ತಂತಿಯಿಂದ ಹೊಲಿದು ಹತ್ತು ದಿನವಾಗಿತ್ತು. ನಾಡಿದ್ದು ಮಧ್ಯಾಹ್ನ ಮನೆಗೆ ಕರೆದೊಯ್ಯಿರಿ ಎಂದ ಡಾಕ್ಟರರು ಜೊತೆಗೆ ಒಂದು ಆಜ್ಞೆಯನ್ನೂ ಹೊರಡಿಸಿದರು: ಧೂಳು ಬೇಡ, ಹೊಗೆ ಬೇಡ, ಜೋರಾದ ಕೆಮ್ಮಂತೂ ಬೇಡವೇ ಬೇಡ. ಕೆಮ್ಮಿದರೆ ಹೊಲಿಗೆ ಜಗ್ಗುತ್ತದೆ.

ಆಜ್ಞೆ ಸರಳವಾಗಿತ್ತು, ರಸ್ತೆ ಸರಳವಾಗಿರಲಿಲ್ಲ. ಮಿರಜದಿಂದ ಕಾಗವಾಡ ದಾಟಿ ನಮ್ಮ ಶಿರಗುಪ್ಪಿಗೆ ಬರುವ ದಾರಿಯಲ್ಲಿ ಏಪ್ರಿಲ್ ಎಂದರೆ ಕಬ್ಬು ಕಡಿದ ಹೊಲಗಳಲ್ಲಿ ರವದಿ, ಅಂದರೆ ಉಳಿದ ಒಣಗರಿ, ಸುಡುವ ಕಾಲ. ಕಾರಿನ ಗಾಜು ಏರಿಸಿಕೊಂಡೇ ಬರಬೇಕು. ಗಾಜು ಏರಿಸಿದ ಕಾರು ಆ ಬಿಸಿಲಿನಲ್ಲಿ ರೊಟ್ಟಿ ಹಂಚಿಗಿಂತ ಒಂದು ಗುಲಗಂಜಿಯೂ ಕಡಿಮೆಯಲ್ಲ. ಏಸಿ ಬೇಕು. ನಮ್ಮ ಏಸಿಯ ಕಂಪ್ರೆಸರು, ಗ್ಯಾಸನ್ನು ಒತ್ತಿ ತಿರುಗಿಸುವ ಆ ಯಂತ್ರ, ಹೋಳಿ ಹುಣ್ಣಿಮೆಯ ಹೊತ್ತಿಗೇ ಕಿರುಚಿ ಕಿರುಚಿ ಮೌನವ್ರತ ಹಿಡಿದಿತ್ತು.

ಅಂಬುಲನ್ಸ್ ಮಾಡೋಣವೆಂದೆ. ಅಣ್ಣ ಹಾಸಿಗೆಯಿಂದಲೇ ತೀರ್ಪು ಕೊಟ್ಟ. “ಅಂಬುಲನ್ಸ್ ಊರ ಅಗಸಿ ದಾಟೂದರಾಗ ಮಂದಿ ಅಳಾಕ ಚಾಲೂ ಮಾಡ್ತಾರ. ನಾ ಇಳಿಯೂದರಾಗ ಸುಡಾಕ ಕಟಗಿ ತರಸಿರ್ತಾರ. ಮನಿ ಗಾಡಿ ತಾ.”

ಬಾಡಿಗೆಯ ಕಾರುಗಳೆಲ್ಲ ಮದುವೆಗಳಿಗೆ ಹೋಗಿದ್ದವು. ಗ್ಯಾರೇಜಿನವನು ನಾಲ್ಕು ದಿನ ಕೇಳಿದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು, ನಮ್ಮ ಅಂಗಳದಲ್ಲೇ ಕಂಪ್ರೆಸರ್ ಬದಲಿಸುವುದಾಗಿ ಘೋಷಿಸಿ, ಕೊಲ್ಲಾಪುರದಿಂದ ಬಸ್ಸಿನಲ್ಲಿ ಒಂದನ್ನು ತರಿಸಿಕೊಂಡೆ.

“ಮಿಕ್ಸರ್ ರಿಪೇರಿ ಮಾಡಿದ್ದು ನೆನಪೈತಿಲ್ರಿ?” ಎಂದಳು ಹೆಂಡತಿ. ಅಷ್ಟೇ ಅಂದು ಒಳಗೆ ಹೋದಳು.

ಮರುದಿನ ಮುಂಜಾನೆ ಬಾನೆಟ್ ಎತ್ತಿದೆ. ಸಹಾಯಕ್ಕೆ ಪಕ್ಕದ ಮನೆಯವನು ಬಂದ. ಆರು ಎಮ್ಮೆಗಳ ಒಡೆಯ, ಯಾವ ಯಂತ್ರಕ್ಕೂ ಹೆದರುವವನಲ್ಲ. ಯಂತ್ರಗಳು ಅವನಿಗೆ ಹೆದರುತ್ತಿದ್ದವು. ಗ್ಯಾಸು ಮೊದಲೇ ಸೋರಿಹೋಗಿದ್ದರಿಂದ ಪೈಪು ಬಿಚ್ಚುವಾಗ ಅದು ಚಿಮ್ಮುವ ಗಂಡಾಂತರವಿರಲಿಲ್ಲ. ಫೋನಿನ ವಿಡಿಯೋದಲ್ಲಿ ಒಬ್ಬ ಮರಾಠಿ ಪುಣ್ಯಾತ್ಮ ಹೇಳಿಕೊಡುತ್ತ ಹೋದಂತೆ ಎಂಜಿನ್ನಿನ ಬೆಲ್ಟು, ಅಂದರೆ ಪಟ್ಟಾ, ಇಳಿಸಿದೆವು, ಪೈಪು ಬಿಚ್ಚಿದೆವು, ಮೂರು ಬೋಲ್ಟು ತೆಗೆದೆವು. ನಾಲ್ಕನೆಯದು ಅಲುಗಲಿಲ್ಲ.

“ಮಾಸ್ತರ್ರ, ಹಾತೋಡಿಲೆ ಒಂದ ಹೊಡೀಲೇನ್ರಿ?”

“ಹೊಡೀಬ್ಯಾಡ.”

ಅದರ ತಲೆ ಮುರಿದರೆ ಹಳೆಯದು ಹೊರಗೆ ಬರುವುದಿಲ್ಲ, ಹೊಸದು ಒಳಗೆ ಹೋಗುವುದಿಲ್ಲ. ಪಟ್ಟಾ ಏರಿಸಲಾಗದ ಕಾರು ಅಂಗಳ ದಾಟುವುದಿಲ್ಲ. ತಣ್ಣನೆಯ ಕಾರು ಮಾಡಲು ಹೊರಟು ಕಾರೇ ಇಲ್ಲದವನಾಗುವ ಅಂಚಿನಲ್ಲಿ ನಿಂತಿದ್ದೆ. ಬೋಲ್ಟಿಗೆ ಡೀಸೆಲ್ ಹನಿಸಿದೆ. ಅರ್ಧ ತಾಸು ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು. ಆಮೇಲೆ ಪಾನಾ, ಅಂದರೆ ಸ್ಪ್ಯಾನರು, ಹಾಕಿ, ಅದರ ಹಿಡಿಗೆ ಒಂದು ಪೈಪು ಸಿಕ್ಕಿಸಿ, ಉಸಿರು ಬಿಗಿಹಿಡಿದು ಎಳೆದೆ. ಕಟ್ ಎಂದಿತು. ಮುರಿದ ಸದ್ದೋ ಸಡಿಲಾದ ಸದ್ದೋ ತಿಳಿಯಲಿಲ್ಲ. ಇನ್ನೊಮ್ಮೆ ಎಳೆಯುವ ಧೈರ್ಯ ನನಗೆ ಬರಲಿಲ್ಲ. ಪಕ್ಕದ ಮನೆಯವನು ಕೈ ಹಾಕಿ ತಿರುಗಿಸಿ, “ಬಂತ್ರಿ,” ಎಂದ.

ಹೊಸದು ಕೂತಿತು. ಎಣ್ಣೆ ಹಾಕಿದೆವು, ಪೈಪಿನ ಬಾಯಿಗೆ ಹೊಸ ರಬ್ಬರ್ ರಿಂಗು ಹಾಕಿದೆವು. ಇನ್ನು ಗ್ಯಾಸ್ ತುಂಬಬೇಕು. ಅದಕ್ಕೆ ಕಾಗವಾಡದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಮರುದಿನ ಹನ್ನೊಂದಕ್ಕೆ ಬರುತ್ತೇನೆ, ಆದರೆ ಅರ್ಧ ತಾಸಷ್ಟೇ ಇರುತ್ತೇನೆ ಎಂದ. ತುಂಬುವ ಮೊದಲು ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆಯಬೇಕಂತೆ, ಅದಕ್ಕೇ ಒಂದು ತಾಸು ಹಿಡಿಯುತ್ತದಂತೆ. “ಅದನ್ನ ಯಾರ ಕಡಿಯಿಂದರೆ ಮಾಡಿಸಿ ಇಡ್ರಿ ಸರ್ರ,” ಎಂದ.

ಫೋನಿಟ್ಟಾಗ ಪಕ್ಕದ ಮನೆಯವನು ತನ್ನ ಕೊಟ್ಟಿಗೆಯ ಕಡೆ ಕೈ ತೋರಿಸುತ್ತಿದ್ದ. “ನಮ್ಮ ಹಾಲ ಹಿಂಡೂ ಮಷೀನಿನ ಪಂಪ್ ಮತ್ತೇನ್ ಮಾಡತೈತ್ರಿ? ಜಗ್ಗೂದ.”

ನಾನು ಗಂಭೀರವಾಗಿ ವಿಚಾರ ಮಾಡಿದೆ. ನಿರ್ವಾತದ ಪಾಠವನ್ನು ಮೂವತ್ತು ಸಲ ಮಾಡಿದವನು ನಾನು. ಆ ಅಧಿಕಾರದಿಂದ, ಶಾಸ್ತ್ರದ ಪ್ರಕಾರ ಇದಕ್ಕೆ ಯಾವ ಅಡ್ಡಿಯೂ ಇಲ್ಲವೆಂದು ಒಪ್ಪಿಗೆ ಕೊಟ್ಟೆ. ಸಂಜೆ ಎಮ್ಮೆಗಳ ಸರದಿ ಮುಗಿದ ಮೇಲೆ ಕಾರಿನ ಸರದಿ ಬಂತು. ಪಂಪು ಒಂದು ತಾಸು ಡುಗುಡುಗು ಎಂದಿತು. ನಾವಿಬ್ಬರೂ ಕೈ ತೊಳೆದುಕೊಂಡೆವು.

ಮರುದಿನ ಹನ್ನೊಂದಕ್ಕೆ ಮೆಕ್ಯಾನಿಕ್ ಬಂದ. ತನ್ನ ಮೀಟರ್ ಸಿಕ್ಕಿಸಿದ. ಮುಳ್ಳನ್ನು ಬಹಳ ಹೊತ್ತು ನೋಡಿದ.

“ಇದನ್ನ ಯಾತರಲೆ ಜಗ್ಗೀರಿ, ಸರ್ರ?”

ಪಕ್ಕದ ಮನೆಯವನು ಆಕಾಶ ನೋಡಿದ. “ಹಾಲ ಹಿಂಡೂ ಪಂಪಲೆ,” ಎಂದೆ.

ಮೆಕ್ಯಾನಿಕ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. “ಅರ್ಧಾ ಜಗ್ಗೇತ್ರಿ. ಎಮ್ಮಿಗೆ ಅಷ್ಟ ಸಾಕು. ಒಳಗಿನ ಪಸಿ, ನೀರಿನ ತೇವ, ಹೋಗಬೇಕಂದ್ರ ಪೂರಾ ಜಗ್ಗಬೇಕು. ಒತ್ತಡ ಅಷ್ಟ ಇಳದ್ರ ನೀರು ತಣ್ಣಗಿದ್ದಾಗನ ಕುದ್ದು ಆವಿ ಆಗತೈತಿ, ಹೊರಗ ಬರತೈತಿ. ನೀವ ಕಲಿಸಿದ್ರಿ ನಮಗ, ಹತ್ತನೇ ಕ್ಲಾಸಿನ್ಯಾಗ.”

ಆ ಪ್ರಶ್ನೆಗೆ ಅವನಿಗೆ ಎಷ್ಟು ಅಂಕ ಕೊಟ್ಟಿದ್ದೆನೋ, ಕೇಳುವ ಧೈರ್ಯವಾಗಲಿಲ್ಲ. “ಹಂಗ ತುಂಬಿದ್ರ?” ಎಂದೆ.

“ಹೋಗುವಾಗ ತಣ್ಣಗ ಇರತೈತ್ರಿ. ಬರುವಾಗ ಪಸಿ ಬರ್ಫ ಆಗಿ ಒಳಗಿನ ಸಣ್ಣ ತೂತ ಮುಚ್ಚಿಬಿಡತೈತಿ. ಆಮ್ಯಾಲ ಬರೇ ಬಿಸಿ ಗಾಳಿ.”

ಅಂದರೆ ಅಣ್ಣ ಒಳಗಿದ್ದಾಗಲೇ. ಎರಡಕ್ಕೆ ನಾನು ಆಸ್ಪತ್ರೆಯಲ್ಲಿರಬೇಕು. ಹನ್ನೆರಡಕ್ಕೆ ಇವನು ಅಥಣಿಯಲ್ಲಿ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಲ್ಲಿರಬೇಕು. ನಾನು ವಿಷಯ ಹೇಳಿದೆ: ಅಣ್ಣನ ಎದೆ, ಹೊಲಿಗೆ, ಹೊಗೆ. ಅವನು ಎದ್ದು ತನ್ನ ಗಾಡಿಯಿಂದ ಪಂಪು ಇಳಿಸಿ ಹಚ್ಚಿದ. ಹನ್ನೆರಡಕ್ಕೆ ಅಥಣಿಯಿಂದ ಫೋನ್ ಬಂತು. ನಮ್ಮ ಕಟ್ಟೆಯ ಮೇಲೆ ಕೂತು ನಮ್ಮದೇ ಚಹಾ ಕುಡಿಯುತ್ತ, “ದಾರ್ಯಾಗ ಅದೀನ್ರಿ, ಬಂದ್ನಿ,” ಎಂದ. ವಿದ್ಯಾರ್ಥಿಯ ಸುಳ್ಳನ್ನು ನಾನು ತಿದ್ದದೆ ಬಿಟ್ಟದ್ದು ಅದೇ ಮೊದಲು.

ಹನ್ನೆರಡೂವರೆಗೆ ಗ್ಯಾಸು ತುಂಬಿತು. ತಣ್ಣನೆ ಗಾಳಿ ಬಂತು. ಹೊರಡುವಾಗ ಅವನು ಹೇಳಿದ್ದು ಇಷ್ಟೇ: “ಪಸಿ ಎಲ್ಲಾ ಹೋಗೇತಂತ ನಾ ಬರದ ಕೊಡಾಂಗಿಲ್ರಿ.”

ಆಸ್ಪತ್ರೆಯಿಂದ ಹೊರಟಾಗ ಅಣ್ಣ ಹಿಂದಿನ ಸೀಟಿನಲ್ಲಿ ಕೆಮ್ಮಿದರೆ ಹೊಲಿಗೆ ಜಗ್ಗದಂತೆ ಎದೆಗೆ ದಿಂಬು ಅಪ್ಪಿಕೊಂಡು ಕೂತಿದ್ದ. ಪಕ್ಕದಲ್ಲಿ ಅತ್ತಿಗೆ, ನಮ್ಮ ಬಾಯಲ್ಲಿ ವೈನಿ.

“ತಮ್ಮಾ, ಅದನ್ನ ಬಂದ್ ಮಾಡು. ಚಳಿ ಬರಾಕತ್ತೈತಿ,” ಎಂದ ಅಣ್ಣ.

“ಸುಮ್ಮ ಕುಂಡ್ರಿ,” ಎಂದರು ವೈನಿ. ಅರವತ್ತೆರಡು ವರ್ಷದಲ್ಲಿ ಅಣ್ಣನ ಮಾತಿಗೆ ನಾನು ಕಿವುಡನಾದದ್ದು ಅಂದೇ.

ಕಾಗವಾಡ ದಾಟಿ ಸ್ವಲ್ಪ ದೂರ ಬಂದಿದ್ದೆವು. ರಸ್ತೆಯ ಬಲಗಡೆಯ ಹೊಲಕ್ಕೆ ಯಾರೋ ಬೆಂಕಿ ಇಟ್ಟಿದ್ದರು. ಹೊಗೆ ರಸ್ತೆಗೆ ಅಡ್ಡ ಬಿದ್ದಿತ್ತು. ಮುಂದಿನ ಟ್ರ್ಯಾಕ್ಟರ್ ದಾರಿ ಕಾಣದೆ ನಿಂತಿತು, ಅದರ ಹಿಂದೆ ನಾವು. ನಮ್ಮ ಹಿಂದೆ ಒಂದು ಲಾರಿ. ಎಲ್ಲ ಗಾಜಿಗೂ ಬಿಳಿ ಪರದೆ ಕಟ್ಟಿದಂತಾಯಿತು. ಹೊರಗಿನ ಗಾಳಿ ಒಳಗೆ ಬರದಂತೆ ಗುಂಡಿ ಒತ್ತಿ, ಏಸಿಯ ಜಾಲರಿಯ ಮುಂದೆ ಅಂಗೈ ಹಿಡಿದೆ. ಗಾಳಿ ಮೊದಲಿನಷ್ಟು ತಣ್ಣಗಿರಲಿಲ್ಲ. ಕಾರು ನಿಂತದ್ದಕ್ಕೋ, ಪಸಿ ಮಂಜುಗಡ್ಡೆಯಾದದ್ದಕ್ಕೋ. ಈಗ ಅದು ಮುಚ್ಚಿಕೊಂಡರೆ ಗಾಜು ಇಳಿಸುವಂತಿಲ್ಲ, ಏರಿಸಿಕೊಂಡು ಕೂಡುವಂತಿಲ್ಲ, ಹಿಂದೆ ಸರಿಯುವಂತೆಯೂ ಇಲ್ಲ. ಎಲ್ಲಿಂದಲೋ ಸುಟ್ಟ ವಾಸನೆ ಸಣ್ಣಗೆ ನುಸುಳಿತು.

ಅಣ್ಣ ಗಂಟಲು ಕೆರೆದ. ವೈನಿ ದಿಂಬನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ಅಣ್ಣ ತುಟಿ ಬಿಗಿದು ತಡೆದ, ಮುಖ ಕೆಂಪಾಯಿತು, ಕೊನೆಗೆ ಕೆಮ್ಮು ಬಂದೇ ಬಂತು. ಒಂದೇ ಒಂದು. ಮೂವರೂ ಎರಡನೆಯದಕ್ಕೆ ಕಾದೆವು. ನಾನು ಕನ್ನಡಿಯಲ್ಲಿ ಅವನ ಎದೆಯನ್ನೇ ನೋಡುತ್ತಿದ್ದೆ.

“ಮುಂದ ನೋಡು,” ಎಂದ ಅಣ್ಣ, ಉಸಿರು ಎಳೆದುಕೊಳ್ಳುತ್ತ. “ಎದಿ ನಂದ. ಸ್ಟೇರಿಂಗ್ ನಿಂದ.”

ಟ್ರ್ಯಾಕ್ಟರ್ ಕದಲಿತು. ಕಾರು ಓಡತೊಡಗಿದಂತೆ ಅಂಗೈಗೆ ಮತ್ತೆ ತಂಪು ತಾಗಿತು. ಆ ಅಂಗೈಯನ್ನು ಗೇರ್ ಹಾಕುವುದಕ್ಕೆ ಬಿಟ್ಟರೆ ಊರು ಬರುವವರೆಗೂ ಜಾಲರಿಯಿಂದ ತೆಗೆಯಲಿಲ್ಲ.

ಅಂಗಳದಲ್ಲಿ ಹೆಂಡತಿ ಬಾಗಿಲು ತೆಗೆದಳು. ಅಣ್ಣ ದಿಂಬು ಸಮೇತ ತಾನೇ ಇಳಿದು, ಮೆಟ್ಟಿಲನ್ನೂ ತಾನೇ ಹತ್ತಿ ಒಳಗೆ ಹೋದ. ಎಲ್ಲರೂ ಅವನ ಹಿಂದೆ ಹೋದರು. ನಾನು ಮಾತ್ರ ಎಂಜಿನ್ ಚಾಲೂ ಇಟ್ಟುಕೊಂಡು ಬಹಳ ಹೊತ್ತು ಕಾರಿನಲ್ಲೇ ಕೂತಿದ್ದೆ. ಕಂಪ್ರೆಸರ್ ಪರೀಕ್ಷಿಸುತ್ತಿದ್ದೇನೆಂದು, ಮತ್ತೆ ಹೊರಗೆ ಬಂದು ಕೇಳಿದ ಹೆಂಡತಿಗೆ ಹೇಳಿದೆ. ನಿಜವಾಗಿ, ಒಳಗಿನಿಂದ ಎರಡನೆಯ ಕೆಮ್ಮು ಬರುತ್ತದೋ ಎಂದು ಕಿವಿಗೊಟ್ಟು ಕಾಯುತ್ತಿದ್ದೆ.