ಟಿಲ್ಲಿ ವಾಂಗ್ಲರ್ ಎಬ್ಬಿಸಲಾಗದ ಒಬ್ಬ

ಟಿಲ್ಲಿಯನ್ನು ಅರಿವಳಿಕೆ ಕೊಡುವ ಕೆಲಸಕ್ಕೆ ಆರಿಸಿದ್ದು ಅವಳ ಜಾಣತನ ನೋಡಿ ಅಲ್ಲ, ಅವಳು ಕದಲದೆ ಕೂರಬಲ್ಲಳೆಂದು. ೧೯೪೯ರಲ್ಲಿ ನಮ್ಮೂರು ಎಬೆನ್‌ಫೆಲ್ಡಿನ ಆಸ್ಪತ್ರೆಯನ್ನು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದರು. ರೋಗಿಯ ಮುಖಕ್ಕೆ ಈಥರ್ ಮುಖವಾಡ ಹಿಡಿಯುತ್ತಿದ್ದ ಸಿಸ್ಟರ್ ಅಡೆಲ್‌ಗುಂಡಾ ಅವರಿಗೆ ಕೈ ನಡುಗತೊಡಗಿತ್ತು. ಪೂಜೆಯ ಹೊತ್ತಿನಲ್ಲಿ ಒಂದು ಗಂಟೆ ಕಾಲ ಒಂದೇ ಭಂಗಿಯಲ್ಲಿ ಕೂರುತ್ತಿದ್ದ ಇಪ್ಪತ್ಮೂರರ ನರ್ಸ್ ಒಟಿಲಿಯಾ ವಾಂಗ್ಲರಳನ್ನು, ಅಂದರೆ ನಮ್ಮ ಟಿಲ್ಲಿಯನ್ನು, ಅವರು ಗಮನಿಸಿದ್ದರು.

"ನಿಂಗೆ ಬೇಜಾರಾಗಲ್ವೇನೆ ಹುಡುಗಿ, ಹಾಗೆ ಕೂತಿರೋಕೆ?" ಎಂದು ಕೇಳಿದರಂತೆ.

"ಮನೇಲಿ ಒಂಬತ್ತು ಜನ ಮಕ್ಕಳು ಸಿಸ್ಟರ್. ಕೂರೋಕೆ ಜಾಗ ಸಿಕ್ಕಿದ್ರೆ ಬಿಡ್ತಿರಲಿಲ್ಲ."

ಒಂದೂವರೆ ವರ್ಷ ಮಿನಿಯಾಪೊಲಿಸ್‌ನಲ್ಲಿ ಕಲಿತು ಅವಳು ಹಿಂದಿರುಗಿದಳು. ನಾನು, ಬರ್ನಡೀನ್ ಫೋಕ್ಟ್, ಡಾಕ್ಟರ ಕೈಗೆ ಕತ್ತರಿ, ಇಕ್ಕಳ ಕೊಡುವ ನರ್ಸಾಗಿ ಅವಳ ಜೊತೆ ಸೇರಿದ್ದು ೧೯೬೫ರಲ್ಲಿ. ಅಷ್ಟು ಹೊತ್ತಿಗೆ ಉತ್ತರ ಡಕೋಟಾದ ಆ ಮೂಲೆಯಲ್ಲಿ ಅರವತ್ತು ಮೈಲಿ ಸುತ್ತಿನಲ್ಲಿ ಅರಿವಳಿಕೆ ಕೊಡುವವಳು ಅವಳೊಬ್ಬಳೇ. ಹೀಗಾಗಿ ಅವಳು ಊರು ಬಿಟ್ಟು ಹೋಗುವಂತಿರಲಿಲ್ಲ. ತಮ್ಮನ ಮದುವೆಗೆ ಬಿಸ್ಮಾರ್ಕಿಗೆ ಹೋದವಳು ಊಟಕ್ಕೂ ನಿಲ್ಲದೆ ವಾಪಸಾಗಿದ್ದಳು. ಬೇಸರವೇ ಎಂದು ಒಮ್ಮೆ ಕೇಳಿದ್ದಕ್ಕೆ, "ಅಲ್ಲೂ ಅದೇ ಸಾಸೇಜು, ಅದೇ ಬ್ಯಾಂಡು" ಎಂದಿದ್ದಳು.

ಅವಳ ಜಾಗ ರೋಗಿಯ ತಲೆಯ ಬಳಿ. ಒಂದು ಕೈ ಉಸಿರಿನ ಚೀಲದ ಮೇಲೆ, ಇನ್ನೊಂದು ಕೈಯ ಬೆರಳು ಕಿವಿಯ ಮುಂದೆ ಮಿಡಿಯುವ ನಾಡಿಯ ಮೇಲೆ. ಊರಿನವರು ಅವಳಿಗೆ ಹೆದರುತ್ತಿದ್ದುದು ಸೂಜಿಗಲ್ಲ, ಅವಳ ಮೊದಲ ಪ್ರಶ್ನೆಗೆ.

"ಪಿಯುಸ್, ಬೆಳಿಗ್ಗೆ ಏನ್ ತಿಂದ್ರಿ?"

"ಏನೂ ಇಲ್ಲಮ್ಮ."

"ಮೀಸೆ ಮೇಲೆ ಕೆನೆ ಇದೆ."

"ಅದು ನಿನ್ನೇದು ಕಣಮ್ಮ."

"ಹಾಗಾದ್ರೆ ನಾಳೆ ಬನ್ನಿ, ಮೀಸೆ ತೊಳ್ಕೊಂಡು."

ಪಿಯುಸ್ ಬಾಷ್‌ನ ಹರ್ನಿಯಾಕ್ಕೆಂದು ಕೈ ತೊಳೆದು ನಿಂತಿದ್ದ ಡಾಕ್ಟರ್ ಕ್ವಿಸ್ಟ್‌ಗೆ ಸಿಟ್ಟು ಬಂತು. "ಈ ಆಸ್ಪತ್ರೇಲಿ ಡಾಕ್ಟರ್ ಯಾರು ಟಿಲ್ಲಿ?"

"ನೀವೇ ಡಾಕ್ಟರೇ. ಕೊಯ್ಯೋದು ನಿಮ್ಮ ಕೆಲಸ. ಅದು ಮುಗಿಯೋ ತನಕ ಅವರು ಉಸಿರಾಡೋ ಹಾಗೆ ನೋಡ್ಕೊಳ್ಳೋದು ನಂದು. ತಿಂದಿದ್ದು ಶ್ವಾಸಕ್ಕೆ ಹೋದ್ರೆ ನೀವು ಕೊಯ್ದೂ ಪ್ರಯೋಜನ ಇಲ್ಲ."

ಕ್ವಿಸ್ಟ್ ಕೈಗವಸು ಕಿತ್ತೆಸೆದು ಹೋದರು. ಮರುದಿನ ಆಪರೇಷನ್ ಆಯಿತು.

೧೯೬೭ರ ಆಗಸ್ಟಿನಲ್ಲಿ ಲಿಯಾಂಡರ್ ಫೆಟ್ಟಿಗ್ ಎಂಬ ಹತ್ತೊಂಬತ್ತರ ಯುವಕನನ್ನು ಕರೆತಂದರು. ಗೋಧಿ ಕೊಯ್ಯುವ ಯಂತ್ರದ ಮೇಲಿಂದ ಬಿದ್ದು ಮುಂಗೈ ಮುರಿದಿತ್ತು. ಗಟ್ಟಿಮುಟ್ಟಾದ ಆಳು, ಮೂಳೆ ಕೂಡಿಸುವುದು ಅರ್ಧ ಗಂಟೆಯ ಕೆಲಸ. ಟಿಲ್ಲಿ ಸೂಜಿಮದ್ದು ಕೊಟ್ಟು, ಅರಿವು ತಪ್ಪಿಸುವ ಗ್ಯಾಸ್ ಶುರುಮಾಡಿದಳು. ಬಾಯಿಗೆ ಉಸಿರಿನ ನಳಿಕೆ ಇಳಿಸಲು ಹೋದಾಗ ಅವನ ದವಡೆ ಬಿಗಿದುಕೊಂಡಿತ್ತು. ಸಡಿಲವಾಗಬೇಕಾದದ್ದು ಮರದಂತಾಗಿತ್ತು. ನಾಡಿ ಓಡತೊಡಗಿತು, ಮೈ ಸುಡತೊಡಗಿತು. ಅವಳು ಗ್ಯಾಸ್ ನಿಲ್ಲಿಸಿ ಆಮ್ಲಜನಕ ಮಾತ್ರ ಕೊಟ್ಟಳು. ನಾನು ಅಡುಗೆಮನೆಗೆ ಓಡಿ ಇದ್ದಬದ್ದ ಮಂಜುಗಡ್ಡೆಯನ್ನೆಲ್ಲ ತಂದೆ. ಜ್ವರ ನೂರ ಎಂಟು ಡಿಗ್ರಿ ಮುಟ್ಟಿತು. ಒಂದೂವರೆ ಗಂಟೆಯಲ್ಲಿ ಅವನ ಹೃದಯ ನಿಂತಿತು.

ಹೊರಗೆ ಬೆಂಚಿನ ಮೇಲೆ ಅವನ ಅಪ್ಪ ಇಗ್ನಾಟ್ಸ್, ಅಮ್ಮ ಮಗ್ದಲೇನಾ, ಹನ್ನೊಂದು ವರ್ಷದ ತಂಗಿ ರೊಸಾಲಿಯಾ ಕೂತಿದ್ದರು. ಹೇಳಬೇಕಾದವರು ಡಾಕ್ಟರ್ ಕ್ವಿಸ್ಟ್. ಟಿಲ್ಲಿಯೂ ಅವರ ಪಕ್ಕ ಹೋಗಿ ನಿಂತಳು.

"ಕೈ ಮುರಿದಿತ್ತು ಅಷ್ಟೇ," ಮಗ್ದಲೇನಾ ಅಂದರು. "ಕೈಗೆ ತಾನೆ ಏಟಾಗಿದ್ದು?"

ಏನಾಯಿತೆಂದು ಕ್ವಿಸ್ಟ್‌ಗೂ ಗೊತ್ತಿರಲಿಲ್ಲ, ಟಿಲ್ಲಿಗೂ ಗೊತ್ತಿರಲಿಲ್ಲ. ಮರಣಪತ್ರದಲ್ಲಿ ಬಿಸಿಲಿನ ಹೊಡೆತ ಎಂದು ಬರೆದರು. ಟಿಲ್ಲಿ ಒಪ್ಪಲಿಲ್ಲ, ಹಾಗಂತ ಬೇರೆ ಹೆಸರು ಕೊಡಲೂ ಅವಳ ಬಳಿ ಇರಲಿಲ್ಲ. ಯಂತ್ರ ಬಿಚ್ಚಿಸಿದಳು, ಗ್ಯಾಸಿನ ಬಾಟಲಿಯನ್ನು ಪರೀಕ್ಷೆಗೆ ಕಳಿಸಿದಳು. ಎರಡರಲ್ಲೂ ದೋಷ ಸಿಗಲಿಲ್ಲ. ನಾಲ್ಕು ದಿನ ಬಿಟ್ಟು ಒಂದು ಟಾನ್ಸಿಲ್ ಆಪರೇಷನ್ನಿಗೆ ಮತ್ತೆ ತಲೆಯ ಬಳಿ ನಿಂತಳು. ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಚರ್ಚಿನಲ್ಲಿ ಫೆಟ್ಟಿಗ್ ಮನೆಯವರು ಬಲಗಡೆ ಕೂತರೆ ಅವಳು ಎಡಗಡೆ ಕೂರತೊಡಗಿದಳು.

ಆರು ವರ್ಷ ಹೀಗೇ ಹೋಯಿತು. ೧೯೭೩ರಲ್ಲಿ ಬದಲಿಗೆ ಒಬ್ಬಳು ಸಿಕ್ಕಿದ್ದರಿಂದ ಟಿಲ್ಲಿ ಮೂರು ದಿನದ ಸಭೆಯೊಂದಕ್ಕೆ ಮಿನಿಯಾಪೊಲಿಸ್‌ಗೆ ಹೋದಳು. ಅಲ್ಲಿ ಒಬ್ಬ ವೈದ್ಯರು, ಕೆಲವು ಮನೆತನಗಳ ರಕ್ತದಲ್ಲೇ ಒಂದು ದೋಷವಿರುತ್ತದೆ, ಗ್ಯಾಸ್ ತಾಗಿದೊಡನೆ ಅಂಥವರ ಸ್ನಾಯು ಬಿಗಿದು ಮೈ ಬೆಂಕಿಯಾಗುತ್ತದೆ ಎಂದು ವಿವರಿಸಿದರಂತೆ. ದವಡೆಯ ಮಾತು ಬಂದಾಗ ತಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ ಎಂದು ನನಗೆ ಹೇಳಿದಳು.

ಊರಿಗೆ ಬಂದ ಭಾನುವಾರವೇ ಫೆಟ್ಟಿಗ್ ಮನೆಗೆ ಹೊರಟಳು. ಕಾರು ಓಡಿಸಿದ್ದು ನಾನು. ಇಗ್ನಾಟ್ಸ್ ಬಾಗಿಲಲ್ಲೇ ನಿಂತು ಅವಳು ಹೇಳಿದ್ದನ್ನು ಕೇಳಿಸಿಕೊಂಡರು. ಮಗ್ದಲೇನಾ ಒಳಗೆ ಹಿಟ್ಟು ನಾದುತ್ತಿದ್ದರು, ತಿರುಗಿ ನೋಡಲಿಲ್ಲ.

"ಅಂದ್ರೆ ನಮ್ಮ ರಕ್ತ ಸರಿಯಿಲ್ಲ ಅಂತೀಯಾ?" ಇಗ್ನಾಟ್ಸ್ ಕೇಳಿದರು.

"ಗ್ಯಾಸ್ ಕೊಟ್ಟಿದ್ದು ನಾನು. ಅದನ್ನ ಇಲ್ಲ ಅನ್ನೋಕೆ ಬಂದಿಲ್ಲ. ನಿಮ್ಮವರಲ್ಲಿ ಇನ್ನೊಬ್ಬರಿಗೆ ಯಾರೂ ಅದನ್ನ ಕೊಡಬಾರದು, ಅದಕ್ಕೆ ನಿಮ್ಮ ಬಳಗದವರ ಹೆಸರು ಕೇಳೋಕೆ ಬಂದೆ."

ಅವರು ಬಾಗಿಲಿಂದ ಪಕ್ಕಕ್ಕೆ ಸರಿದರು. "ಎಷ್ಟು ಜನದ ಹೆಸರು ಬೇಕು?"

ಇಗ್ನಾಟ್ಸ್ ಕಡೆಯವರು, ಮಗ್ದಲೇನಾ ಕಡೆಯವರು ಎಲ್ಲ ಸೇರಿ ಮೂವತ್ತೊಂದು ಜನ. ಪ್ರತಿಯೊಬ್ಬರಿಗೂ ಟಿಲ್ಲಿ ಒಂದೊಂದು ಚೀಟಿ ಟೈಪ್ ಮಾಡಿದಳು: ಈ ವ್ಯಕ್ತಿಗೆ ಇಂತಿಂಥ ಗ್ಯಾಸ್, ಇಂಥ ಸೂಜಿಮದ್ದು ಕೊಡಕೂಡದು. ಕೆಲವರು ಪರ್ಸಿನಲ್ಲಿ ಇಟ್ಟುಕೊಂಡರು, ಕೆಲವರು ನಕ್ಕರು. ಅದೇ ವರ್ಷ ಅವಳು ಎರಡು ವಾರ ಫಾರ್ಗೊದ ಆಸ್ಪತ್ರೆಯಲ್ಲಿದ್ದು, ಬೆನ್ನಿಗೆ ಮದ್ದು ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದನ್ನು ಚೆನ್ನಾಗಿ ಕಲಿತುಬಂದಳು.

೧೯೭೮ರ ಫೆಬ್ರವರಿಯ ಒಂದು ಮಧ್ಯಾಹ್ನ ರೊಸಾಲಿಯಾಳನ್ನೇ ತಂದರು. ಚೊಚ್ಚಲ ಹೆರಿಗೆ, ಮಗು ಅಡ್ಡವಾಗಿತ್ತು. ಹೊರಗೆ ಹಿಮಗಾಳಿ, ಬಿಸ್ಮಾರ್ಕಿನ ರಸ್ತೆ ಮುಚ್ಚಿತ್ತು. ಕ್ವಿಸ್ಟ್ ನಿವೃತ್ತರಾಗಿದ್ದರು, ಅವರ ಜಾಗಕ್ಕೆ ಬಂದಿದ್ದ ಡಾಕ್ಟರ್ ಲಿಂಡ್‌ಸ್ಟ್ರಾಮ್ ಅವಸರದಲ್ಲಿದ್ದರು.

"ಗ್ಯಾಸ್ ಕೊಡಿ, ಬೇಗ. ಮಗುವಿನ ಬಡಿತ ಇಳೀತಿದೆ."

"ಗ್ಯಾಸ್ ಕೊಡಲ್ಲ."

"ಬೆನ್ನಿಗೆ ಚುಚ್ಚೋಕೆ ಹೊತ್ತಿಲ್ಲ ಟಿಲ್ಲಿ."

"ಹತ್ತು ನಿಮಿಷ ಕೊಡಿ. ಇವಳ ಅಣ್ಣ ನನ್ನ ಕೈಯಲ್ಲಿ ಹೋಗಿದ್ದಾನೆ."

ಅವರು ಕೈ ತೊಳೆಯಲು ಹೋದರು. ಟಿಲ್ಲಿ ರೊಸಾಲಿಯಾಳನ್ನು ಮಗ್ಗುಲಾಗಿಸಿ, ಬೆನ್ನು ಬಾಗಿಸಿ ನನ್ನ ಮೈಗೆ ಒರಗಿಸಿದಳು. ಮೊದಲ ಸಲ ಸೂಜಿ ಎಲುಬಿಗೆ ತಾಗಿತು. ಎರಡನೆಯ ಸಲ ಬೆನ್ನುಹುರಿಯ ಸುತ್ತಲಿನ ನೀರು ಹನಿಯಿತು, ಮದ್ದು ಇಳಿಯಿತು. ಏಳು ನಿಮಿಷ ಹಿಡಿಯಿತು. ಆಪರೇಷನ್ ಉದ್ದಕ್ಕೂ ರೊಸಾಲಿಯಾ ಎಚ್ಚರವಾಗಿದ್ದಳು.

"ಅಮ್ಮ ಹೊರಗಿದ್ದಾರೆ, ನನ್ನ ಕೈ ಹಿಡ್ಕೊಂಡಿರೋದು ನೀವು ಅಂತ ಅವರಿಗೆ ಗೊತ್ತಾ?" ಎಂದು ಟಿಲ್ಲಿಯನ್ನು ಕೇಳಿದಳು.

"ಗೊತ್ತಿಲ್ಲ. ಉಸಿರು ನಿಧಾನ ತಗೋ."

ಹೆಣ್ಣು ಮಗು, ತಕ್ಷಣ ಅತ್ತಿತು. ಟಿಲ್ಲಿ ಒಂದು ದಿನವಿಡೀ ತಾಯಿಯ ಜ್ವರ ನೋಡುತ್ತ ಪಕ್ಕದಲ್ಲೇ ಉಳಿದಳು. ಜ್ವರ ಏರಲಿಲ್ಲ.

ಮೊಮ್ಮಗುವನ್ನು ನೋಡಿ ಹೊರಬಂದ ಮಗ್ದಲೇನಾ ಹಜಾರದಲ್ಲಿ ಟಿಲ್ಲಿಯ ಎದುರು ನಿಂತರು. ಹನ್ನೊಂದು ವರ್ಷದಲ್ಲಿ ಅದೇ ಮೊದಲ ಮಾತು.

"ಅವತ್ತು ನಿಂಗೆ ಇದೆಲ್ಲ ಗೊತ್ತಿರಲಿಲ್ಲ, ಅಲ್ವಾ?"

"ಇಲ್ಲ."

"ಗೊತ್ತಿರಲಿಲ್ಲ ಅಂತ ನಂಗೂ ಗೊತ್ತು. ಆದ್ರೂ ನಿನ್ನ ಮುಖ ನೋಡಿದ್ರೆ ಅವನೇ ಕಾಣ್ತಾನೆ. ನಾನೇನ್ ಮಾಡ್ಲಿ?"

"ಏನೂ ಮಾಡಬೇಡಿ," ಟಿಲ್ಲಿ ಅಂದಳು. ಮಗ್ದಲೇನಾ ತಲೆಯಾಡಿಸಿ ಹೋದರು. ಚರ್ಚಿನಲ್ಲಿ ಅವರು ಬಲಗಡೆ, ಇವಳು ಎಡಗಡೆ, ಅದು ಬದಲಾಗಲಿಲ್ಲ.

ಮರುವರ್ಷ ಈ ಜ್ವರಕ್ಕೆ ಮದ್ದು ಬಂತು. ಇಷ್ಟು ಸಣ್ಣ ಆಸ್ಪತ್ರೆಗೆ ಅದೇಕೆ ಎಂದು ಆಡಳಿತದವರು ಗೊಣಗಿದರು. ಟಿಲ್ಲಿ ಪ್ರತಿ ಸಭೆಯಲ್ಲೂ ಅದನ್ನೇ ಕೇಳಿ ಕೇಳಿ ತರಿಸಿದಳು. ಅವಧಿ ಮುಗಿದಾಗಲೆಲ್ಲ ಹಳೆಯದನ್ನು ಎಸೆದು ಹೊಸದು ತರಿಸಿದಳು. ಅದನ್ನು ಬಳಸುವ ಸಂದರ್ಭ ಎಬೆನ್‌ಫೆಲ್ಡಿನಲ್ಲಿ ಒಮ್ಮೆಯೂ ಬರಲಿಲ್ಲ.

೧೯೮೭ರಲ್ಲಿ ಅವಳು ನಿವೃತ್ತಳಾದಳು. ನಾವಿಬ್ಬರೂ ಸಮುದ್ರ ನೋಡಲೆಂದು ಆರೆಗನ್‌ಗೆ ಹೋದೆವು. ಒಂದು ವಾರಕ್ಕೆಂದು ಹೋದವರು ಮೂರನೆಯ ದಿನ ಹೊರಟೆವು. ಗಾಳಿ ನಮ್ಮೂರಿನದ್ದೇ, ನೀರು ಮಾತ್ರ ಜಾಸ್ತಿ ಎಂದಳು. ೨೦೦೧ರಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಬಿಸ್ಮಾರ್ಕಿನಲ್ಲಿ ಅರಿವಳಿಕೆ ಕೊಡಲು ಬಂದ ಯುವಕನಿಗೆ ಅವಳೇ ಇಪ್ಪತ್ತು ಪ್ರಶ್ನೆ ಕೇಳಿದಳು. ಅವನು ಎಲ್ಲಕ್ಕೂ ಉತ್ತರಿಸಿದ, ಅವಳು ಕಣ್ಣು ಮುಚ್ಚಿದಳು. ಎಚ್ಚರವಾಯಿತು, ಮನೆಗೂ ಬಂದಳು. ಮೂರು ವಾರದ ಮೇಲೆ ನ್ಯುಮೋನಿಯಾ ಆಗಿ ತೀರಿಕೊಂಡಳು. ಎಪ್ಪತ್ತೈದು ವರ್ಷ.

ಮಣ್ಣಿಗೆ ಇನ್ನೂರು ಜನ ಬಂದಿದ್ದರು. ಮಗ್ದಲೇನಾ ಬರಲಿಲ್ಲ; ಆಗ ಅವರಿಗೆ ತೊಂಬತ್ತು, ನಡೆಯಲಾಗುತ್ತಿರಲಿಲ್ಲ. ರೊಸಾಲಿಯಾ ಮೂವರು ಮಕ್ಕಳೊಂದಿಗೆ ಬಂದು, ಊಟವಾದ ಮೇಲೆ ಚರ್ಚಿನ ಅಡುಗೆಮನೆಯಲ್ಲಿ ನಮ್ಮ ಜೊತೆ ನಿಂತು ತಟ್ಟೆ ಒರೆಸಿದಳು.