ನೋಡದೆ ಓದಿದ ಚಾರ್ಟು

ಮೊದಲು ಚೆಲ್ಲಿದ್ದು ಚಹಾ. ಕಪ್ಪಿಗೆ ಹಾಕುತ್ತಿದ್ದೇನೆ ಎಂದುಕೊಂಡಿದ್ದೆ, ಅದು ಕಪ್ಪಿನ ಪಕ್ಕ ನೆಲದ ಮೇಲೆ ಹರಿಯುತ್ತಿತ್ತು. ಮರುವಾರ ಬಲಭುಜ ಬಾಗಿಲಿಗೆ ಬಡಿಯಿತು. ವಯಸ್ಸಾಯಿತು ಎಂದು ನಾನೇ ನಕ್ಕೆ. ಕಣ್ಣಿನದೇ ತೊಂದರೆ ಎಂದು ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ಶಾಲೆಯಿಂದ ನಿವೃತ್ತಳಾದ ಮೇಲೆ ಹಾನಗಲ್ಲಿನ ನಮ್ಮ ಮನೆಗಿಂತ ಹೆಚ್ಚು ನಾನಿದ್ದದ್ದು ಕಣ್ಣಿನ ತಪಾಸಣಾ ಶಿಬಿರಗಳಲ್ಲಿ. ಶಿಗ್ಗಾವಿ, ಸವಣೂರು, ಹಂಸಭಾವಿ, ಎಲ್ಲಿ ಶಿಬಿರವಿದ್ದರೂ ಹಳ್ಳಿಯ ಮುದುಕರನ್ನು ಬಸ್ಸು ಹತ್ತಿಸಿಕೊಂಡು ಹೋಗುತ್ತಿದ್ದೆ. ಅಲ್ಲಿ ಚಾರ್ಟಿನ ಪಕ್ಕ ಕೋಲು ಹಿಡಿದು ನಿಂತು ಒಂದೊಂದೇ ಅಕ್ಷರ ತೋರಿಸುವುದು ನನ್ನ ಕೆಲಸ. ಜೀವನವಿಡೀ ಕರಿಹಲಗೆಯ ಮುಂದೆ ನಿಂತವಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಎರಡು ವರ್ಷದ ಹಿಂದೆ ಬಂಕಾಪುರದ ಶಿಬಿರ ಮುಗಿಯುವ ಹೊತ್ತಿಗೆ, ತಪಾಸಣೆ ಮಾಡುವ ಹುಡುಗಿ, "ಅಕ್ಕೋರ, ನೀವೂ ಒಮ್ಮೆ ಕುಂದರ್ರಿ" ಎಂದಳು. ಕುಳಿತೆ. ಎಡಗಣ್ಣು ಮುಚ್ಚಿಸಿದಳು. ಚಾರ್ಟು ಮಬ್ಬಾಗಿತ್ತು, ಸಂಜೆಯ ಬೆಳಕು ಎಂದುಕೊಂಡೆ. ಕೊನೆಯ ಸಾಲಿನ ತನಕ ಎಲ್ಲೂ ತಡವರಿಸದೆ ಹೇಳಿಬಿಟ್ಟೆ.

"ಕಣ್ಣು ಭಾರಿ ಚಲೋ ಅದಾವ್ರಿ" ಎಂದು ಬರೆದುಕೊಂಡಳು. ನನಗೆ ಜಂಬ.

ಬಾಯಿಪಾಠ ಒಪ್ಪಿಸಿದ್ದೆ, ಅಷ್ಟೆ.

ಈ ವರ್ಷ ಹುಬ್ಬಳ್ಳಿಯ ಡಾಕ್ಟರು ಗ್ಲಾಕೋಮಾ ಎಂದರು. ಒತ್ತಡ ಹೆಚ್ಚಾಗಿ ಬಲಗಣ್ಣಿನ ನರ ಸತ್ತಿದೆ, ಎಡಗಣ್ಣಿನದು ಅರ್ಧ ಉಳಿದಿದೆ.

"ಹೋಗಿದ್ದು ವಾಪಸ್ ಬರಂಗಿಲ್ರಿ. ಎರಡು ವರ್ಷದ ಹಿಂದ ಬಂದಿದ್ರ ಮಾತು ಬ್ಯಾರೆ ಇತ್ತು. ಈಗ ಎಡಗಣ್ಣರ ಉಳಿಸ್ಕೊಳ್ಳೂಣು."

ಅಳು ಬರಲಿಲ್ಲ. ಬಸ್ಸಿನಲ್ಲಿ ಯಜಮಾನರು ಶೇಂಗಾ ಕೊಡಿಸಿದರು, ತಿಂದೆ. ಮನೆಗೆ ಬಂದು ಅನ್ನಕ್ಕಿಟ್ಟೆ. ಆಮೇಲಿನ ದಿನಗಳೆಲ್ಲ ಒಂದೇ ಥರ: ಬೆಳಿಗ್ಗೆ ಯಜಮಾನರು ಒಂದು ಹನಿ ಡ್ರಾಪ್ಸ್ ಹಾಕುವರು, ಸಂಜೆ ಒಂದು ಹನಿ. ಶಿಬಿರದವರ ಫೋನು ಬಂದರೆ ಎತ್ತುತ್ತಿರಲಿಲ್ಲ. ನಾಚಿಕೆಯಾಗುತ್ತಿತ್ತು. ಅದೊಂದನ್ನು ಬಿಟ್ಟರೆ ಬೇರೇನೂ ಅನ್ನಿಸುತ್ತಿರಲಿಲ್ಲ.

ಕಳೆದ ವಾರ ಆಡೂರಿನ ಫಕ್ಕೀರವ್ವ ಮನೆಗೇ ಬಂದಳು. ಹಿಂದೆ ಪೊರೆಯ ಆಪರೇಷನ್ನಿಗೆ ಅವಳನ್ನು ಕರೆದುಕೊಂಡು ಹೋದವಳು ನಾನೇ. ಗುಣವಾದ ಮೇಲೆ ಅವಳೂ ಶಿಬಿರದ ಕೆಲಸಕ್ಕೆ ನಿಂತಿದ್ದಳು.

"ಇವತ್ತು ಹಾನಗಲ್ಲಾಗ ಶಿಬಿರ ಐತ್ರಿ. ನನ್ನ ಮೊಣಕೈ ಹಿಡ್ಕೊಳ್ರಿ, ನಡೀರಿ" ಎಂದಳು. ಕಾಣದವರ ಕೈ ಹಿಡಿದು ಜಗ್ಗಬಾರದು, ನಮ್ಮ ಮೊಣಕೈ ಕೊಡಬೇಕು ಎಂದು ಅವಳಿಗೆ ಕಲಿಸಿದ್ದು ನಾನು.

ಹಿಡಿದುಕೊಂಡೆ.

ಸರದಿಯಲ್ಲಿ ಕುಳಿತು ಕಾದೆ. ಅದೇ ಚಾರ್ಟು, ಅದೇ ಹುಡುಗಿ. ನನ್ನ ಕೋಲು ಫಕ್ಕೀರವ್ವನ ಕೈಯಲ್ಲಿ. ಹುಡುಗಿ ಎಡಗಣ್ಣು ಮುಚ್ಚಿಸಿದಳು. ಅಕ್ಷರಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು.

"ಕಾಣವಲ್ದವ್ವಾ" ಎಂದೆ.

ಎಡಗಣ್ಣಿನ ಸರದಿ ಬಂದಾಗ, "ಫಕ್ಕೀರವ್ವಾ, ಅಕ್ಷರ ಹಿಂದ ಮುಂದ ಮಾಡಿ ತೋರಸವ್ವಾ" ಎಂದು ನಾನೇ ಕೇಳಿಕೊಂಡೆ. ಅವಳು ತೋರಿಸಿದ ಹಾಗೆ ನಿಧಾನವಾಗಿ ನಾಲ್ಕು ಸಾಲು ಓದಿದೆ. ನಾಲ್ಕೂ ಇನ್ನೂ ನನ್ನವೇ. ಐದನೆಯದು ಕಾಣದಿದ್ದರೂ ಬಾಯಿಗೆ ಬಂದಿತ್ತು, ನುಂಗಿಕೊಂಡೆ.